ಗೋಮುಖದ ತೀರ್ಥ

ಗೋಮುಖದಲ್ಲಿ ಗಾಜಿನ ಸೀಸೆಗೆ ತುಂಬಿದ ಗಂಗೋದಕವು ಊರು ಸೇರುವಷ್ಟರಲ್ಲಿ ತಿಳಿಯಾಗಿ, ತಳದಲ್ಲಿ ಬೂದಿಯಂತಹ ಹುಡಿಯೊಂದು ನಿಂತಿದ್ದಿತು. “ಇದೇನು, ಕೆಸರುನೀರನ್ನು ತುಂಬಿಕೊಂಡು ಬಂದಿದ್ದೀರಿ! ದೇವರ ಮುಂದೆ ಹೇಗೆ ಇಡಲಿ?” ಎಂದು ನಮ್ಮ ಮನೆಯಾಕೆ ನೊಂದುಕೊಂಡಳು. ಮೊಣಕಾಲಿನ ನೋವಿನಿಂದ ಆಕೆ ಯಾತ್ರೆಗೆ ಬರಲಾರದೆ ಹೋದುದರಿಂದ, ಆಕೆಗಾಗಿಯೇ ತಂದ ತೀರ್ಥವದು. ಆ ಹುಡಿಯ ವೃತ್ತಾಂತವನ್ನು ಆಕೆಗೆ ಹೇಳಿದಂತೆಯೇ ವಾಚಕರಿಗೂ ನಿವೇದಿಸುವೆನು.

ಗಂಗೋತ್ರಿಯಲ್ಲಿ, ಗೌರೀಕುಂಡದ ಬಳಿ, ಭಾಗೀರಥಿಯು ಬಂಡೆಯನ್ನು ಕೊರೆದು ಇಕ್ಕಟ್ಟಾದ ಕಮರಿಯಲ್ಲಿ ಧುಮುಕುತ್ತಾಳೆ. ಗಂಗೋತ್ರಿಯಿಂದ ಗೋಮುಖಕ್ಕೆ ಸುಮಾರು 18 ಕಿಲೋಮೀಟರ್ ಕಾಲುದಾರಿ. ಚೀರಬಾಸಾವನ್ನೂ, ಭೂರ್ಜವೃಕ್ಷಗಳಿಂದ ಹೆಸರಾಂತ ಭೋಜಬಾಸಾವನ್ನೂ ದಾಟಿ ಮೇಲಕ್ಕೆ ಹೋದಂತೆ ಕಣಿವೆಯು ವಿಶಾಲವಾಗಿ, ಇಕ್ಕೆಲದ ಗೋಡೆಗಳು ಕಡಿದಾಗಿ, ದೋಣಿಯ ಒಡಲಿನಂತೆ ಕಾಣುವುದು. ಕಣಿವೆಗಳನ್ನೆಲ್ಲ ನದಿಯೇ ಕೊರೆಯುವುದೆಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು. ಇಷ್ಟು ಕಿರಿದಾದ ಹೊಳೆಯು ಇಷ್ಟು ದೊಡ್ಡ ಕಣಿವೆಯನ್ನು ಕೊರೆದೀತೆ ಎಂಬ ಸಂಶಯವು ಅಲ್ಲಿ ಹುಟ್ಟಿತು.

ಇದನ್ನು ಕೊರೆದುದು ಹಿಮ. ಸಹಸ್ರಾರು ವರ್ಷಗಳ ಹಿಂದೆ ಗಂಗೋತ್ರಿಯ ಹಿಮನದಿಯು ಈಗಿನ ದೇವಾಲಯಕ್ಕಿಂತಲೂ ಕೆಳಗಿನವರೆಗೆ ಚಾಚಿದ್ದಿತು. ಹಿಮಗಡ್ಡೆಯು ಕಠಿಣವಾದರೂ, ನೂರಾರು ಅಡಿ ದಪ್ಪವಾಗಿ ಸೇರಿದಾಗ ತನ್ನ ಭಾರದಿಂದಲೇ ಇಳಿಜಾರಿನಲ್ಲಿ ಮೆಲ್ಲಮೆಲ್ಲನೆ ಹರಿಯುವುದು. ತಳದಲ್ಲಿ ಕರಗಿದ ನೀರು ಬಂಡೆಯ ಬಿರುಕುಗಳಿಗೆ ಇಳಿದು ಮತ್ತೆ ಹೆಪ್ಪುಗಟ್ಟಿದಾಗ, ಮುಂದೆ ಸರಿಯುವ ಹಿಮವು ಬಂಡೆಯ ತುಂಡುಗಳನ್ನು ಕಿತ್ತುಕೊಂಡು ಹೋಗುವುದು. ಬರಿಯ ಹಿಮವು ಕಲ್ಲನ್ನು ಅಷ್ಟಾಗಿ ಸವೆಸಲಾರದು. ಅದರಲ್ಲಿ ಹುದುಗಿದ ಈ ಕಲ್ಲುಗಳೇ ಕೆಳಗಿನ ಬಂಡೆಯನ್ನು ಉಜ್ಜುವುವು. ಗಂಧವನ್ನು ತೇಯುವಾಗ ಕೊರಡಿನೊಡನೆ ಸಾಣೆಯೂ ಸವೆಯುವಂತೆ, ಉಜ್ಜುವ ಕಲ್ಲೂ ಉಜ್ಜಿಸಿಕೊಳ್ಳುವ ಬಂಡೆಯೂ ಎರಡೂ ಸವೆಯುವುವು. ದೊಡ್ಡ ಕಲ್ಲು ಬಂಡೆಯ ಮೇಲೆ ಗೀರೆಳೆಯುವುದು; ಸಣ್ಣ ಹುಡಿಯು ನುಣುಪು ಕೊಡುವುದು. ನೀರು ಕೊರೆಯುವುದು ತನ್ನ ಪಾತ್ರವನ್ನಷ್ಟೆ. ಹಿಮವಾದರೋ ಕಣಿವೆಯನ್ನು ಗೋಡೆಯಿಂದ ಗೋಡೆಗೆ ತುಂಬಿ, ತಳವನ್ನೂ ಪಕ್ಕಗಳನ್ನೂ ಒಟ್ಟಿಗೆ ತೇಯುವುದು. ಆದುದರಿಂದಲೇ ಆ ದೋಣಿಯ ಆಕಾರ.

ಗೋಮುಖದಲ್ಲಿ ಶುಭ್ರಸ್ಫಟಿಕವನ್ನು ಕಾಣುವೆನೆಂದಿದ್ದೆನು. ಕಂಡುದು ಕಲ್ಲುಮಣ್ಣುಗಳನ್ನು ಹೊತ್ತ ಬೂದುಬಣ್ಣದ ಹಿಮದ ಗೋಡೆ. ಅದರ ಬಾಯಿಂದ ಹೊರಡುವ ನೀರೂ ಬೂದಿಯ ಬಣ್ಣವೇ. ಆ ಮುಖವೂ ಇದ್ದಲ್ಲಿಯೇ ಇಲ್ಲ. 1935ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ ಆಡನ್ ಎಂಬವರು ಅದರ ನಕ್ಷೆಯನ್ನು ತೆಗೆದರು. ಅಂದಿನಿಂದ ಅದು ಒಂದು ಕಿಲೋಮೀಟರಿಗೂ ಹೆಚ್ಚು ಹಿಂದಕ್ಕೆ ಸರಿದಿದೆ. ತಾನು ಹೊತ್ತು ತಂದ ಕಲ್ಲುಗಳನ್ನು ದಾರಿಯುದ್ದಕ್ಕೂ ದಿಣ್ಣೆದಿಣ್ಣೆಯಾಗಿ ಬಿಟ್ಟುಹೋಗಿದೆ.

“ಸೀಸೆಯಲ್ಲಿರುವುದು ಕೆಸರಲ್ಲ, ಹಿಮವು ತೇಯ್ದ ಪರ್ವತದ ಹುಡಿ” ಎಂದೆನು. ಆಕೆ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದಳು. “ಹಾಗಾದರೆ ಮಗಳ ಜೊತೆಗೆ ತಂದೆ ಹಿಮವಂತನೂ ಬಂದಿದ್ದಾನೆ” ಎಂದು, ನೀರನ್ನು ಸೋಸದೆ ಹಾಗೆಯೇ ದೇವರ ಮುಂದಿಟ್ಟಳು.

ನನ್ನ ಹಳೆಯ ವಿದ್ಯಾರ್ಥಿಗಳು ಯಾರಾದರೂ ಇದನ್ನು ಓದಿದರೆ, ನಾನು ಹೇಳಿಕೊಟ್ಟ ಕಣಿವೆಯ ಪಾಠವನ್ನು ದಯವಿಟ್ಟು ತಿದ್ದಿಕೊಳ್ಳಲಿ.