ಕಮಾನಿನಡಿಯ ಕಾಲಹರಣ

ಇಟಲಿಯ ಬೊಲೊನ್ಯಾದಲ್ಲಿ ಕೊಡೆ ಮಾರಿ ಬದುಕುವವನ ಪಾಡು ಕಷ್ಟವೇ ಇರಬೇಕು. ಹಳೆಯ ಊರಿನ ಯಾವ ಬೀದಿಗೆ ಹೊರಳಿದರೂ ಪಕ್ಕದಲ್ಲಿ ಕಂಬಸಾಲು, ತಲೆಯ ಮೇಲೆ ಕಮಾನು. ಮಳೆ ಸುರಿಯಲಿ, ಬಿಸಿಲು ಕಾಯಲಿ, ಅಂಗಡಿಯ ಗಾಜಿಗೆ ಮೂಗು ತಾಗಿಸಿಕೊಂಡು ನಡೆಯುತ್ತಲೇ ಇರಬಹುದು. ಊರಿನ ಈ ಪೋರ್ಟಿಕೋಗಳನ್ನೆಲ್ಲ ಜೋಡಿಸಿದರೆ 62 ಕಿಲೋಮೀಟರ್ ಆಗುತ್ತದಂತೆ. 2021ರಲ್ಲಿ ಯುನೆಸ್ಕೊ ಇವುಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಆದರೂ ಪ್ರವಾಸಿಗರಲ್ಲಿ ಬಹಳ ಮಂದಿಗೆ ಬೊಲೊನ್ಯಾ ಎಂದರೆ ಫ್ಲಾರೆನ್ಸಿಗೋ ವೆನಿಸಿಗೋ ರೈಲು ಬದಲಿಸುವ ನಿಲ್ದಾಣ. ನನ್ನಂಥ ಸೋಮಾರಿಗೆ ಅದೂ ಅನುಕೂಲವೇ. 'ಇದನ್ನು ನೋಡದೆ ಬಂದೆಯಾ?' ಎಂದು ಊರಿಗೆ ಮರಳಿದ ಮೇಲೆ ಯಾರೂ ಜಗ್ಗಿ ಕೇಳುವುದಿಲ್ಲ.

ಕಮಾನುಗಳ ಹುಟ್ಟಿಗೆ ಸೌಂದರ್ಯಪ್ರಜ್ಞೆ ಕಾರಣವಲ್ಲ, ಬಾಡಿಗೆಯ ಆಸೆ ಕಾರಣ. ತಾನು ಹುಟ್ಟಿದ್ದು 1088ರಲ್ಲಿ ಎಂದು ಇಲ್ಲಿನ ವಿಶ್ವವಿದ್ಯಾಲಯ ಹೇಳಿಕೊಳ್ಳುತ್ತದೆ. ಕಾನೂನು ಓದಲು ಯುರೋಪಿನ ಮೂಲೆಮೂಲೆಯಿಂದ ಹುಡುಗರು ಬಂದರು, ಕೋಣೆಗಳು ಸಾಲದಾದವು. ಮನೆಯೊಡೆಯರು ಮಹಡಿಯನ್ನು ಬೀದಿಯ ಮೇಲಕ್ಕೆ ಚಾಚಿದರು. ಚಾಚು ಹೆಚ್ಚಾಗಿ ಬೀಳುವ ಹಾಗಾದಾಗ ಕೆಳಗೆ ಮರದ ಕಂಬ ಕೊಟ್ಟರು. ಬೇರೆ ಊರಾಗಿದ್ದರೆ ಒತ್ತುವರಿಯೆಂದು ಕೆಡವಿಸುತ್ತಿದ್ದರೇನೋ. ಇಲ್ಲಿನ ನಗರಸಭೆ ಜಾಣತನ ಮಾಡಿತು: 1288ರಲ್ಲಿ, ಹೊಸ ಮನೆಗಳಿಗೆ ಕಮಾನುಸಾಲು ಇರಲೇಬೇಕು, ಇದ್ದುದನ್ನು ಒಡೆಯನೇ ನೋಡಿಕೊಳ್ಳಬೇಕು, ಕುದುರೆ ಸವಾರ ತಲೆ ತಗ್ಗಿಸದೆ ಹಾಯುವಷ್ಟು ಎತ್ತರವಿರಬೇಕು ಎಂದು ಕಟ್ಟಳೆ ಮಾಡಿತು. ಜಾಗ ಮನೆಯವನದು, ನಡೆಯುವ ಹಕ್ಕು ಊರಿನದು. ನಮ್ಮ ಕಡೆ ಪರರ ಜಗಲಿಯಲ್ಲಿ ಕಾಲು ಚಾಚುವುದಕ್ಕೆ ಮನೆಯವರ ಮುಖ ನೋಡಬೇಕು. ಇಲ್ಲಿ ಅಡ್ಡಾಡುವವನ ಬೆನ್ನಿಗೆ ಏಳು ಶತಮಾನದ ಕಾನೂನೇ ನಿಂತಿದೆ.

ನನ್ನ ಜೊತೆಗಿದ್ದವನು ಅಲ್ಲೇ ಓದುತ್ತಿರುವ ಅಣ್ಣನ ಮಗ. ಸ್ತ್ರಾದಾ ಮಜ್ಜೋರೆಯಲ್ಲಿ ಹದಿಮೂರನೆಯ ಶತಮಾನದ ಮನೆಯೊಂದರ ಓಕ್ ಕಂಬಗಳ ಕೆಳಗೆ ನಿಲ್ಲಿಸಿ, "ಮೇಲೆ ತೊಲೆಯಲ್ಲಿ ಮೂರು ಬಾಣ ನೆಟ್ಟಿವೆ, ಹುಡುಕಿ ಚಿಕ್ಕಪ್ಪ" ಎಂದ. ಕುತ್ತಿಗೆ ನೋಯುವವರೆಗೆ ನೋಡಿದೆ. ಪಕ್ಕದಲ್ಲಿ ಇನ್ನೂ ನಾಲ್ಕು ಜನ ಹಾಗೆಯೇ ನೋಡುತ್ತಿದ್ದರು. ಒಬ್ಬಾಕೆ ಕಂಡಿತೆಂದು ಬೆರಳು ತೋರಿದ ಮೇಲೆ ನಮಗೆಲ್ಲರಿಗೂ ಕಂಡಿತು.

ಅಲ್ಲಿಂದ ಜೋಡಿ ಗೋಪುರ ಹತ್ತಿರ. ಅಸಿನೆಲ್ಲಿಯ ಎತ್ತರ 97 ಮೀಟರ್, ಮೆಟ್ಟಿಲು 498. ಅದರ ಪಕ್ಕದ ಗಾರಿಸೆಂದಾ 48 ಮೀಟರ್ ಮಾತ್ರ, ಆದರೆ ಎಷ್ಟು ವಾಲಿದೆಯೆಂದರೆ ಡಾಂಟೆ ನರಕದಲ್ಲಿ ಬಾಗುವ ದೈತ್ಯನನ್ನು ವರ್ಣಿಸುವಾಗ ಇದನ್ನೇ ನೆನೆದ. 2023ರಲ್ಲಿ ಅದರ ಸ್ಥಿತಿ ಕಂಡು ಗಾಬರಿಯಾಗಿ ಸುತ್ತ ಬೇಲಿ ಹಾಕಿದ್ದಾರೆ, ಅಸಿನೆಲ್ಲಿಗೂ ಪ್ರವೇಶವಿಲ್ಲ. ಹತ್ತಿದ ವಿದ್ಯಾರ್ಥಿಗೆ ಪದವಿ ದಕ್ಕುವುದಿಲ್ಲವೆಂಬ ನಂಬಿಕೆ ಅಲ್ಲಿ ಗಟ್ಟಿ. ಆದ್ದರಿಂದ ಬೇಲಿ ಕಂಡು ಇಬ್ಬರಿಗೂ ನೆಮ್ಮದಿಯಾಯಿತು, ಅವನಿಗೆ ಪದವಿಯ ಕಾರಣಕ್ಕೆ, ನನಗೆ ಮಂಡಿಯ ಕಾರಣಕ್ಕೆ.

ಸಾನ್ ಪೆತ್ರೋನಿಯೊ ಚರ್ಚನ್ನು 1390ರಲ್ಲಿ ಶುರುಮಾಡಿದರು. ಮುಂಗೋಡೆ ಅರ್ಧದವರೆಗೆ ಅಮೃತಶಿಲೆ, ಅದರ ಮೇಲೆ ಬರೀ ಇಟ್ಟಿಗೆ. ಮುಗಿಸಬೇಕೆಂಬ ಆತುರ ಇಷ್ಟು ಶತಮಾನ ಯಾರಿಗೂ ಬಂದಿಲ್ಲವೆಂಬುದೇ ನನಗೆ ಆ ಊರಿನ ಮೇಲೆ ಗೌರವ ಹುಟ್ಟಿಸಿತು. ಒಳಗೆ ನೆಲದ ಮೇಲೆ ಓರೆಯಾಗಿ ಸುಮಾರು 67 ಮೀಟರ್ ಉದ್ದದ ಗೆರೆ. ಖಗೋಳಜ್ಞ ಕಸ್ಸೀನಿ 1655ರಲ್ಲಿ ಎಳೆಸಿದ್ದು. ಚಾವಣಿಯ ಪುಟ್ಟ ರಂಧ್ರದಿಂದ ಇಳಿದ ಬಿಸಿಲಿನ ಬಿಲ್ಲೆ ನಡುಮಧ್ಯಾಹ್ನ ಈ ಗೆರೆ ದಾಟುತ್ತದೆ. ಬೇಸಿಗೆಯಲ್ಲಿ ರಂಧ್ರದ ಕೆಳಗೆ ಹತ್ತಿರದಲ್ಲಿ, ಚಳಿಗಾಲದಲ್ಲಿ ದೂರದ ತುದಿಯಲ್ಲಿ. ಕಸ್ಸೀನಿ ಬಿಲ್ಲೆಯ ಗಾತ್ರವನ್ನು ವರ್ಷವಿಡೀ ಅಳೆದು, ಗ್ರಹಗಳ ಚಲನೆಯ ಬಗೆಗಿನ ಕೆಪ್ಲರನ ಲೆಕ್ಕಕ್ಕೆ ಪುಷ್ಟಿ ಕೊಟ್ಟ, ಅದೂ ಚರ್ಚಿನೊಳಗೇ. ಭೂಮಿಯೇ ಸೂರ್ಯನನ್ನು ಸುತ್ತುತ್ತದೆಂದ ಗೆಲಿಲಿಯೊನನ್ನು ಚರ್ಚು ವಿಚಾರಣೆಗೆ ಎಳೆದು ಆಗ ಇನ್ನೂ 22 ವರ್ಷ!

ಹನ್ನೆರಡಕ್ಕೇ ಹೋಗಿ ನಿಂತೆವು. ಬಿಲ್ಲೆ ಗೆರೆಯಿಂದ ಎಷ್ಟೋ ದೂರ. ಬೇಸಿಗೆಯಲ್ಲಿ ಇಟಲಿಯ ಗಡಿಯಾರ ಒಂದು ಗಂಟೆ ಮುಂದಿರುತ್ತದೆ, ಜೊತೆಗೆ ಊರು ಕಾಲವಲಯದ ಮಧ್ಯರೇಖೆಯಿಂದ ಪಶ್ಚಿಮಕ್ಕಿದೆ. ಸೂರ್ಯನ ಹನ್ನೆರಡು ಗಡಿಯಾರದಲ್ಲಿ ಒಂದೂಕಾಲರ ಆಸುಪಾಸು. ಹುಡುಗ ಫೋನು ತೆಗೆದ. ನಾನು ನೆಲವನ್ನೇ ನೋಡುತ್ತಿದ್ದೆ. ಬಿಲ್ಲೆ ನಿಂತಲ್ಲೇ ಇದೆ ಅನ್ನಿಸುತ್ತದೆ, ಕಣ್ಣು ತೆಗೆದು ಮತ್ತೆ ನೋಡಿದರೆ ಮುಂದೆ ಹೋಗಿರುತ್ತದೆ. ಭೂಮಿ ತಿರುಗುತ್ತದೆಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ; ತಿರುಗುವುದನ್ನು ಕುಳಿತು ನೋಡಿದ್ದು ಅಲ್ಲೇ.

ಊಟಕ್ಕೆ ಹೋದಾಗ ಹುಡುಗನ ಎಚ್ಚರಿಕೆ: "ಟೊರ್ಟೆಲ್ಲಿನಿ ಕೇಳಬೇಡಿ, ಒಳಗೆ ಹಂದಿಮಾಂಸ. ರಿಕೊಟ್ಟಾ ತುಂಬಿದ ಟೊರ್ಟೆಲ್ಲೋನಿ ಕೇಳಿ." ಬೆಣ್ಣೆಯಲ್ಲಿ ಸೇಜ್ ಎಲೆ ಹುರಿದು ಮೇಲೆ ಸುರಿದಿದ್ದರು. ಮಾಂಸದ ಖ್ಯಾತಿಯ ಊರಿನಲ್ಲಿ ಸಸ್ಯಾಹಾರಿಗೆ ಇದಕ್ಕಿಂತ ಉಪಚಾರ ಬೇಡ.

ಉಂಡೆದ್ದ ಮೇಲೆ ಅವನಿಗೆ ಉತ್ಸಾಹ ಉಕ್ಕಿತು. ಊರಾಚೆ ಗುಡ್ಡದ ಮೇಲಿನ ಸಾನ್ ಲೂಕಾ ಚರ್ಚಿನವರೆಗೂ ಕಮಾನುದಾರಿಯಿದೆ, ಹತ್ತಿರಹತ್ತಿರ ನಾಲ್ಕು ಕಿಲೋಮೀಟರ್, 666 ಕಮಾನು, "ಪೂರ್ತಿ ನೆರಳೇ ಚಿಕ್ಕಪ್ಪ!" ಕಾಫಿ ಕುಡಿದು ಯೋಚಿಸೋಣ ಎಂದೆ. ಅಲ್ಲಿ ಕೌಂಟರಿನಲ್ಲಿ ನಿಂತು ಕುಡಿದರೆ ಒಂದು ದರ, ಕುರ್ಚಿ ಎಳೆದು ಕೂತರೆ ಹೆಚ್ಚಿನ ದರ. ಹುಡುಗ ಒಂದೇ ಗುಟುಕಿಗೆ ಲೋಟ ಬರಿದು ಮಾಡಿ ಬಾಗಿಲ ಕಡೆ ನೋಡಿದ. ನಾನು ಹೆಚ್ಚಿನ ದರ ಕೊಟ್ಟು ಕೂತೆ.