ಹಲ್ಲಿನ ಡಾಕ್ಟರು ಸಿಕ್ಕಿದ ಕಥೆ

ಬ್ಯಾಂಕಿನ ವರ್ಗಾವಣೆ ಅಂತ 1991ರಲ್ಲಿ ಕಾಶಿಗೆ ಬಂದೆ. ಎರಡು ವರ್ಷ ಇದ್ದು ಹೋದರಾಯ್ತು ಅಂದುಕೊಂಡಿದ್ದವನು ಹನುಮಾನ್ ಘಾಟಿನ ಈ ಗಲ್ಲಿಯಲ್ಲೇ ಬೇರು ಬಿಟ್ಟುಬಿಟ್ಟೆ. ಸಾಗರದ ಕಡೆಯಿಂದ ನೆಂಟರಿಷ್ಟರು ಬಂದರೆ ಯಾವ ದೋಣಿಯವನು ಮೋಸ ಮಾಡೋದಿಲ್ಲ, ಸೀರೆ ಎಲ್ಲಿ ತಗೋಬೇಕು, ಶ್ರಾದ್ಧಕ್ಕೆ ಯಾರನ್ನು ಕರೆಯಬೇಕು, ಎಲ್ಲಾ ಹೇಳಬಲ್ಲೆ. ಆದರೆ ನಂಬಬಹುದಾದ ಹಲ್ಲಿನ ಡಾಕ್ಟರು ಯಾರು ಅಂತ ಕೇಳಿದ್ದರೆ ತಬ್ಬಿಬ್ಬಾಗ್ತಿದ್ದೆ, ಹೋದ ಚಳಿಗಾಲದವರೆಗೂ.

ಆದದ್ದಿಷ್ಟು. ಚಳಿಗಾಲದ ಬೆಳಿಗ್ಗೆ ಇಲ್ಲಿ ಮಲಯ್ಯೋ ಅಂತ ಮಾರ್ತಾರೆ. ಹಾಲಿನ ನೊರೆ, ಕೇಸರಿ ಬಣ್ಣ, ಮಣ್ಣಿನ ಕುಲ್ಹಡಿನಲ್ಲಿ ಕೊಡ್ತಾರೆ, ಬಾಯಿಗಿಟ್ಟರೆ ಕರಗೇ ಹೋಗುತ್ತೆ. ಇಟ್ಟೆ. ಎಡಗಡೆ ಕೆಳಗಿನ ದವಡೆಯಿಂದ ನೆತ್ತಿಯವರೆಗೂ ಮಿಂಚು ಹೊಡೆದ ಹಾಗಾಯ್ತು. ಎರಡು ರಾತ್ರಿ ಲವಂಗ ಕಚ್ಚಿಕೊಂಡು ಮಲಗಿದೆ. ಮೂರನೇ ದಿನ ಹೆಂಡತಿ ಸಿಟ್ಟಾದಳು. "ನಿಮ್ಮ ನರಳಾಟ ಕೇಳಿ ನನಗೂ ನಿದ್ದೆ ಇಲ್ಲ, ಹೋಗಿ ತೋರಿಸ್ಕೊಂಡು ಬನ್ನಿ."

ಮೊದಲು ಹೋದದ್ದು ಗಾಜಿನ ಬಾಗಿಲಿನ ಒಂದು ಕ್ಲಿನಿಕ್ಕಿಗೆ. ಇಡೀ ಬಾಯಿಯ ಎಕ್ಸ್‌ರೇ ತೆಗೆದರು. ಡಾಕ್ಟರು ನನ್ನ ಬಾಯಿ ನೋಡಿದ್ದಕ್ಕಿಂತ ಆ ಎಕ್ಸ್‌ರೇ ನೋಡಿದ್ದೇ ಹೆಚ್ಚು. ಮೂರು ಹಲ್ಲಿಗೆ ರೂಟ್ ಕೆನಾಲ್, ಮೂರಕ್ಕೂ ಜಿರ್ಕೋನಿಯಾ ಕ್ಯಾಪು, ಒಟ್ಟು 38 ಸಾವಿರ ಅಂತ ಚೀಟಿ ಬರೆದು ಕೊಟ್ಟರು. ಇವತ್ತೇ ಶುರು ಮಾಡಿಸಿದರೆ ಹತ್ತು ಪರ್ಸೆಂಟ್ ಬಿಡ್ತೀವಿ, ಕಂತಿನಲ್ಲೂ ಕಟ್ಟಬಹುದು ಅಂದಳು ರಿಸೆಪ್ಶನ್ ಹುಡುಗಿ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಸಾಲ ಕೊಟ್ಟವನು ನಾನು. "ಇವತ್ತೇ" ಅನ್ನೋ ಮಾತು ಕೇಳಿದರೆ ಕಿವಿ ನೆಟ್ಟಗಾಗುತ್ತೆ! ಯೋಚಿಸಿ ಹೇಳ್ತೀನಿ ಅಂತ ಹೊರಗೆ ಬಂದೆ.

ಎರಡನೆಯವರು ಪಕ್ಕದ ಮನೆಯವರು ಹೇಳಿದ ಡಾಕ್ಟರು. "ಈ ವಯಸ್ಸಿಗೆ ಯಾಕೆ ಖರ್ಚು, ಕಿತ್ತುಬಿಡೋಣ" ಅಂದರು. ಅಗ್ಗವೇನೋ ಹೌದು. ಆದರೆ ಒಬ್ಬರಿಗೆ ಮೂರು ಹಲ್ಲು ಉಳಿಸಬೇಕು, ಇನ್ನೊಬ್ಬರಿಗೆ ಒಂದನ್ನು ಕೀಳಬೇಕು. ಬಾಯಿ ಮಾತ್ರ ಒಂದೇ!

ನೋಡಿ, ಕಷ್ಟ ಇರೋದೇ ಇಲ್ಲಿ. ದೋಸೆ ಹಿಟ್ಟು ಹುಳಿ ಬಂದಿದ್ದರೆ ಮೂಸಿ ಹೇಳಬಹುದು. ನಮ್ಮ ದವಡೆ ಹಲ್ಲು ನಮಗೆ ಕಾಣೋದಿಲ್ಲ. ಅವರು ಕಪ್ಪು ಅಂದರೆ ಕಪ್ಪು, ತೂತು ಅಂದರೆ ತೂತು. ಬಾಯಲ್ಲಿ ಹತಾರ ಇರುವಾಗ ಚರ್ಚೆ ಮಾಡೋಕೂ ಆಗಲ್ಲ. ಹಾಗಂತ ಎಲ್ಲರನ್ನೂ ಕಳ್ಳರು ಅನ್ನೋದೂ ತಪ್ಪು. ಕುರ್ಚಿ, ಯಂತ್ರ, ಬಾಡಿಗೆ, ಓದಿಗೆ ಸುರಿದ ದುಡ್ಡು, ಇಷ್ಟೆಲ್ಲಾ ಅವರ ತಲೆ ಮೇಲಿರುತ್ತೆ. ಆ ಭಾರ ನಮ್ಮ ಹಲ್ಲಿನ ಮೇಲೆ ಇಳಿಯುತ್ತಾ ಇಲ್ಲವಾ ಅನ್ನೋದೇ ಪ್ರಶ್ನೆ.

ಕೊನೆಗೆ ನಮ್ಮ ಹಾಲಿನವನು ಹೇಳಿದ, "ಬಿಎಚ್‌ಯು ಕಾಹೇ ನಹೀ ಜಾತೇ ಬಾಬೂಜಿ?" ಹೌದಲ್ಲ! 1916ರಲ್ಲಿ ಮಾಳವೀಯರು ಕಟ್ಟಿದ ವಿಶ್ವವಿದ್ಯಾಲಯ, ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರೇ ಅದರ ಮೊದಲ ಛಾನ್ಸೆಲರ್ ಅಂತ ಊರಿಂದ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳ್ತೀನಿ, ಲಂಕಾದ ಹೆಬ್ಬಾಗಿಲ ಮುಂದೆ ನಿಲ್ಲಿಸಿ ಫೋಟೋನೂ ತೆಗೀತೀನಿ. ಅದರೊಳಗೆ ಹಲ್ಲಿನ ವಿಭಾಗ ಇರೋದು ಹೊಳೆದೇ ಇರಲಿಲ್ಲ. ಸರ್ಕಾರಿ ಆಸ್ಪತ್ರೆ, ವಿದ್ಯಾರ್ಥಿಗಳು ನಮ್ಮ ಮೇಲೆ ಕೈ ಪಳಗಿಸಿಕೊಳ್ತಾರೆ ಅನ್ನೋ ಅಳುಕೂ ಇತ್ತು ಅನ್ನಿ.

ಬೆಳಿಗ್ಗೆ ಬೇಗ ಹೋಗಿ ಪರ್ಚಿ ಮಾಡಿಸಿದೆ. ಎರಡು ಕುಲ್ಹಡ್ ಚಹಾದ ದುಡ್ಡು ಅಷ್ಟೆ. ಆಮೇಲೆ ಕಾಯೋದು. ಬಿಹಾರದ ಕಡೆಯ ಹಳ್ಳಿಗಳಿಂದೆಲ್ಲಾ ಜನ ಬಂದಿದ್ದರು. ನನ್ನ ಸರದಿ ಬಂದಾಗ ಮಧ್ಯಾಹ್ನ. ನೋಡಿದವಳು ಪಿಜಿ ಓದ್ತಿರೋ ಹುಡುಗಿ, ನನ್ನ ಮಗಳಿಗಿಂತ ಚಿಕ್ಕವಳು.

ಒಂದೊಂದೇ ಹಲ್ಲಿಗೆ ತಣ್ಣನೆಯದನ್ನು ಮುಟ್ಟಿಸಿ, ನೋವು ತೆಗೆದ ಕೂಡಲೇ ಹೋಗುತ್ತಾ, ಉಳೀತಾ ಅಂತ ಕೇಳಿದಳು. ಹಿಡಿಕೆಯಿಂದ ಮೆಲ್ಲಗೆ ತಟ್ಟಿದಳು. ಸಣ್ಣ ಎಕ್ಸ್‌ರೇ ತೆಗೆಸಿ ನನಗೇ ತೋರಿಸಿ ವಿವರಿಸಿದಳು. ತಣ್ಣನೆಯದು ತೆಗೆದ ಕೂಡಲೇ ನೋವು ಹೋದರೆ ಒಳಗಿನ ನರ ಇನ್ನೂ ಚೆನ್ನಾಗಿದೆ ಅಂತ, ಸಾಮಾನ್ಯವಾಗಿ ಫಿಲ್ಲಿಂಗ್ ಸಾಕು. ತೆಗೆದ ಮೇಲೂ ಎಷ್ಟೋ ಹೊತ್ತು ಜುಮುಗುಡುತ್ತಾ ಇದ್ದರೆ, ರಾತ್ರಿ ತಾನಾಗೇ ನೋವು ಬಂದರೆ, ರೂಟ್ ಕೆನಾಲ್. ನನ್ನ ಮೂರರಲ್ಲಿ ಎರಡಕ್ಕೆ ಫಿಲ್ಲಿಂಗ್, ಒಂದಕ್ಕೆ ಮಾತ್ರ ರೂಟ್ ಕೆನಾಲ್. ಮೇಷ್ಟ್ರು ಬಂದು ಇನ್ನೊಮ್ಮೆ ನೋಡಿ ಸರಿ ಅಂದರು. ಕೈ ಪಳಗಿಸಿಕೊಳ್ಳೋದು ಅಂದರೆ ಹೀಗೆ, ಪ್ರತಿ ಹೆಜ್ಜೆಗೂ ಮೇಲೊಬ್ಬರು ಕೇಳುವವರಿದ್ದಾರೆ. ನಾಲ್ಕು ಸಲ ಓಡಾಡಿದೆ, ನಾಲ್ಕು ಸಲವೂ ಕಾದೆ. ಕ್ಯಾಪೂ ಸೇರಿ ಆದ ಖರ್ಚು ಮೊದಲಿನ ಚೀಟಿಯ ಆರರಲ್ಲೊಂದು ಪಾಲೂ ಇಲ್ಲ.

ಇಲ್ಲಿಗೇ ಮುಗಿದಿದ್ದರೆ ಇದು ದುಡ್ಡು ಉಳಿದ ಕಥೆ ಆಗ್ತಿತ್ತು. ಆದರೆ ಮೊದಲ ದಿನವೇ ಅವಳು "ಔರ್ ಖೋಲಿಯೇ, ಅಂಕಲ್" ಅಂದಳು. ಇಷ್ಟೇ ಆಗೋದು ಅಂದೆ. ಬೆರಳು ಒಟ್ಟಿಗೆ ಜೋಡಿಸಿ ನಿಲುವಾಗಿ ಇಡೋಕೆ ಹೇಳಿದಳು. ಸಾಮಾನ್ಯವಾಗಿ ಮೂರು ಬೆರಳು ಹಿಡಿಸಬೇಕಂತೆ. ನನಗೆ ಎರಡೇ. ಕೆನ್ನೆಯ ಒಳಗೆ ಬೆರಳಾಡಿಸಿದಳು. ಖಾರ ತಿಂದರೆ ಉರಿಯುತ್ತಾ? ಹೌದು. ಎಷ್ಟು ವರ್ಷದಿಂದ ಪಾನ್?

ಗೋಲ್‌ಗಪ್ಪಾ ಇಡಿಯಾಗಿ ಬಾಯೊಳಗೆ ಹೋಗ್ತಿಲ್ಲ ಅಂತ ಮೊಮ್ಮಗಳು ಎರಡು ವರ್ಷದಿಂದ ನಗ್ತಿದ್ದಳು. ವಯಸ್ಸು ಅಂದುಕೊಂಡಿದ್ದೆ. ಅದು ಸಬ್‌ಮ್ಯೂಕಸ್ ಫೈಬ್ರೋಸಿಸ್. ಅಡಿಕೆಯಿಂದ ಬಾಯೊಳಗಿನ ಪದರ ನಾರುಗಟ್ಟಿ ಬಿಗಿಯೋದು. ಬಿಗಿದದ್ದು ಪೂರ್ತಿ ಸಡಿಲ ಆಗೋದಿಲ್ಲ. ಬಿಟ್ಟರೆ ಅಲ್ಲಿಗೆ ನಿಲ್ಲಬಹುದು, ಬಿಡದಿದ್ದರೆ ಕೆಲವರಿಗೆ ಕ್ಯಾನ್ಸರಿಗೆ ತಿರುಗುತ್ತೆ. "ನಾನು ತಂಬಾಕು ಹಾಕಲ್ಲಮ್ಮ" ಅಂದೆ. "ಅಡಿಕೆಯೊಂದೇ ಸಾಕು ಅಂಕಲ್" ಅಂದಳು. ಮನೆಗೆ ಬಂದು ಹುಡುಕಿದೆ. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ. ಅಡಿಕೆ ತೋಟದ ಮಗ ನಾನು. ನನ್ನನ್ನು ಓದಿಸಿದ್ದೇ ಅಡಿಕೆ. ಬಂದು ಸೇರಿದ ಊರೋ, 2023ರಲ್ಲಿ ತನ್ನ ಪಾನಿಗೆ ಜಿಐ ಪಟ್ಟ ಪಡೆದ ಊರು!

ಮೊದಲಿನ ಇಬ್ಬರೂ ನನ್ನ ಕೆನ್ನೆಯ ಒಳಗೆ ನೋಡಿರಲಿಲ್ಲ. ಅದರಲ್ಲಿ ಅವರಿಗೆ ಕೆಲಸ ಇರಲಿಲ್ಲ. ಇವಳಿಗೂ ಅದರಿಂದ ಒಂದು ಪೈಸೆ ಇಲ್ಲ. ಆದರೂ ನೋಡಿದಳು. ಪ್ರಾಮಾಣಿಕ ಅನ್ನೋದಕ್ಕೆ ನನಗೆ ಈಗ ಇದೇ ಅರ್ಥ.

ಯಾರಾದರೂ ಕೇಳಿದರೆ ಈಗ ಹೇಳ್ತೀನಿ. ಎಕ್ಸ್‌ರೇ ತೋರಿಸಿ ವಿವರಿಸೋಕೆ ಹೇಳಿ. ಮೂರು ತಿಂಗಳು ಬಿಟ್ಟರೆ ಏನಾಗುತ್ತೆ ಅಂತ ಕೇಳಿ. ಖರ್ಚು ಬರೆಸಿಕೊಂಡು ಇನ್ನೊಬ್ಬರಿಗೆ ತೋರಿಸಿ. ರಾಜ್ಯ ದಂತ ಪರಿಷತ್ತಿನ ನೋಂದಣಿ ಸಂಖ್ಯೆ ಬೋರ್ಡಿನಲ್ಲೋ ಚೀಟಿಯಲ್ಲೋ ಇದೆಯಾ ನೋಡಿ. ಹತ್ತಿರ ಡೆಂಟಲ್ ಕಾಲೇಜಿದ್ದರೆ ಒಂದು ದಿನ ರಜೆ ಹಾಕಿ ಹೋಗಿ. ಕೆನ್ನೆಯ ಒಳಗೂ ನೋಡೋಕೆ ಹೇಳಿ.

ಪಾನ್ ಬಿಟ್ಟು ಆರು ತಿಂಗಳಾಯ್ತು. ಗಲ್ಲಿಯ ಪಾನಿನವನು "ಕಾ ಗುರು, ನಾರಾಜ್?" ಅಂತ ಕೇಳ್ತಾನೆ. ಮೊನ್ನೆ ಊರಿಗೆ ಫೋನ್ ಮಾಡಿ ಅಣ್ಣನಿಗೆ ಎಲ್ಲಾ ಹೇಳಿದೆ. ತೋಟ ನೋಡಿಕೊಳ್ಳೋನು ಅವನೇ, ಐವತ್ತು ವರ್ಷದಿಂದ ಕವಳ ಹಾಕ್ತಾನೆ. "ಬೆರಳು ಇಟ್ಟು ನೋಡು" ಅಂದೆ. ಸ್ವಲ್ಪ ಹೊತ್ತು ಸದ್ದಿಲ್ಲ.

"ಎರಡೂವರೆ ಅನ್ನು" ಅಂದ. ಮತ್ತೂ ಸ್ವಲ್ಪ ಹೊತ್ತು ಬಿಟ್ಟು, "ಮಾರಾಯ, ಶಿವಮೊಗ್ಗದಲ್ಲಿ ನಂಬೋ ಅಂಥ ಹಲ್ಲಿನ ಡಾಕ್ಟ್ರು ಯಾರಾದ್ರೂ ಇದಾರನಾ?" ಅಂತ ಕೇಳಿದ.