ಏಳರಿಂದ ಎಂಟಕ್ಕೆ ದಾಟಿಸುವವರು

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆಯನ್ನು ಕೇಳದ ವಿದ್ಯಾರ್ಥಿ ಇಲ್ಲ. ಹೇಳದ ಪಾಲಕರೂ ಇಲ್ಲ. ಆದರೆ ಗಿಡವೂ ಅಲ್ಲದ, ಮರವೂ ಅಲ್ಲದ ಅವಸ್ಥೆಯೊಂದಿದೆ. ಅದು 11ರಿಂದ 14ರ ವಯಸ್ಸು. ಆರು, ಏಳು, ಎಂಟನೆಯ ತರಗತಿಗಳ ವಯಸ್ಸು. ನಿನ್ನೆಯವರೆಗೆ ಅವ್ವನ ಸೆರಗು ಹಿಡಿದು ಓಡಾಡುತ್ತಿದ್ದ ಹುಡುಗ ಇಂದು ಅವಳ ಜೊತೆ ಸಂತೆಗೆ ಹೋಗಲು ನಾಚುತ್ತಾನೆ. ಹರಳು ಹುರಿದಂತೆ ಮಾತಾಡುತ್ತಿದ್ದ ಹುಡುಗಿ ಕೇಳಿದ್ದಕ್ಕೆ ಹೂಂ, ಉಹೂಂ ಎನ್ನುವುದರಲ್ಲೇ ಮುಗಿಸುತ್ತಾಳೆ. ಮನೆಯಲ್ಲಿ ಇಬ್ಬರು ಇಂಥ ಮಕ್ಕಳಿದ್ದರೆ ಸಾಕು, ತಂದೆ ತಾಯಿ ಹೈರಾಣ. ಅಂಥ ನಲವತ್ತು ಮಕ್ಕಳು ಒಂದೇ ಕೋಣೆಯಲ್ಲಿದ್ದರೆ? ಅವರೆದುರು ದಿನವೂ ನಿಲ್ಲಬೇಕಾದವರು ಶಿಕ್ಷಕರು. ಆ ನಿಲ್ಲುವಿಕೆಗೆ ಅವರನ್ನು ಸಿದ್ಧಗೊಳಿಸಿದವರು ಯಾರು?

ವಿಜಯಪುರ ನಗರದಲ್ಲಿ ಈ ಪ್ರಶ್ನೆ ಅಷ್ಟಾಗಿ ಕಾಡಲಿಕ್ಕಿಲ್ಲ. ಒಂದು ಶಾಲೆ ಒಗ್ಗದಿದ್ದರೆ ಇನ್ನೊಂದು ಹತ್ತಿರದಲ್ಲೇ ಇದೆ. ಆದರೆ ತಿಕೋಟಾ, ಬಬಲೇಶ್ವರ ತಾಲೂಕುಗಳ ಸಣ್ಣ ಹಳ್ಳಿ, ತಾಂಡಾ, ತೋಟದ ವಸ್ತಿಗಳಲ್ಲಿ ಹಾಗಲ್ಲ. 2018ರಲ್ಲಿ ಇವು ಹೊಸ ತಾಲೂಕುಗಳಾದವು, ಕಚೇರಿಗಳು ಹತ್ತಿರವಾದವು. ಎಲ್ಲ ಮಕ್ಕಳಿಗೂ ಹೈಸ್ಕೂಲು ಹತ್ತಿರವಾಯಿತೆಂದು ಹೇಳುವಂತಿಲ್ಲ. ಎಷ್ಟೋ ಊರುಗಳಲ್ಲಿ ಸರಕಾರಿ ಶಾಲೆ ಏಳಕ್ಕೆ ನಿಲ್ಲುತ್ತದೆ. ಎಂಟಕ್ಕೆ ಬೇರೆ ಊರು, ಬೇರೆ ಶಾಲೆ, ಬಸ್ಸಿನ ಪಾಸು. ದನಿ ಒಡೆಯುವ, ಮೈನೆರೆಯುವ ವಯಸ್ಸಿನಲ್ಲೇ ಮಗು ತನ್ನನ್ನು ಬಲ್ಲ ಶಿಕ್ಷಕರನ್ನು ಬಿಟ್ಟು, ಹೆಸರೂ ಗೊತ್ತಿಲ್ಲದ ಶಿಕ್ಷಕರ ಮುಂದೆ ಹೋಗಿ ಕೂಡಬೇಕು.

ಇದಕ್ಕೊಂದು ಹಳೆಯ ಬೇರೂ ಇದೆ. 1956ರ ಏಕೀಕರಣದವರೆಗೆ ಮುಂಬಯಿ ಆಡಳಿತದಲ್ಲಿದ್ದ ಈ ಭಾಗದಲ್ಲಿ ಏಳನೆಯ ಇಯತ್ತೆಯ ಕೊನೆಗೆ ಮುಲ್ಕಿ ಪರೀಕ್ಷೆ ಇತ್ತು. ಮುಲ್ಕಿ ಪಾಸಾದವನೆಂದರೆ ಊರಲ್ಲಿ ಕಲಿತವನೆಂದೇ ಲೆಕ್ಕ. ಅವನೇ ಮುಂದೆ ಮಾಸ್ತರನೂ ಆಗಬಹುದಿತ್ತು. ಮುಲ್ಕಿ ಹೋಯಿತು, ಏಳರ ಅಂಚು ಮಾತ್ರ ಉಳಿಯಿತು. 'ಏಳನೇತ್ತೆ ಮುಗೀತಲ್ಲ, ಸಾಕ್ ಬಿಡ್ರಿ' ಎಂಬ ಮಾತಿನಲ್ಲಿ ಆ ಹಳೆಯ ಲೆಕ್ಕವೇ ಕೇಳಿಸುತ್ತದೆ. ದ್ರಾಕ್ಷಿ ತೋಟದ ಕೆಲಸ, ಕಬ್ಬು ಕಡಿಯಲು ಮನೆಮಂದಿಯೆಲ್ಲ ಗುಳೆ ಹೋಗುವುದು, ಹುಡುಗಿಯಾದರೆ ಮದುವೆಯ ಮಾತು, ಇವೆಲ್ಲ ಆ ಅಂಚಿನಲ್ಲೇ ಕಾದು ನಿಂತಿರುತ್ತವೆ.

ಈ ಅಂಚಿನ ಬಗ್ಗೆ ಈ ಸೀಮೆಯಲ್ಲೇ ದೊಡ್ಡ ಅಧ್ಯಯನವೊಂದು ನಡೆದಿದೆ. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ನಡೆಸಿದ 'ಸಮತಾ' ಕಾರ್ಯಕ್ರಮವನ್ನು 2014ರಿಂದ 2017ರವರೆಗೆ ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳ 80 ಹಳ್ಳಿಗಳಲ್ಲಿ ಪರೀಕ್ಷಿಸಲಾಯಿತು. ಪರಿಶಿಷ್ಟ ಜಾತಿ, ಪಂಗಡಗಳ ಹೆಣ್ಣುಮಕ್ಕಳನ್ನು ಏಳನೆಯ ತರಗತಿಯಿಂದ ಹಿಡಿದು ಹತ್ತನೆಯ ತರಗತಿಯ ವಯಸ್ಸಿನವರೆಗೆ ಗಮನಿಸಲಾಯಿತು. ಅರ್ಧ ಹಳ್ಳಿಗಳಲ್ಲಿ ಹುಡುಗಿಯರ ಗುಂಪುಗಳು, ಪಾಲಕರೊಡನೆ ಮಾತುಕತೆ, ಹುಡುಗರ ನಡುವೆ ಕೆಲಸ, ಶಾಲೆಯವರಿಗೆ ತರಬೇತಿ ನಡೆದವು, ಉಳಿದರ್ಧದಲ್ಲಿ ಇಲ್ಲ. ಎರಡೂ ಜಿಲ್ಲೆಗಳನ್ನು ಸೇರಿಸಿ ನೋಡಿದಾಗ ಹೈಸ್ಕೂಲು ಮುಗಿಸುವವರ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ವಿಜಯಪುರ ಜಿಲ್ಲೆಯನ್ನಷ್ಟೇ ನೋಡಿದಾಗ, ಕೆಲಸ ನಡೆದ ಹಳ್ಳಿಗಳಲ್ಲಿ ಹೈಸ್ಕೂಲು ಸೇರಿದ ಹುಡುಗಿಯರು ಹೆಚ್ಚಿದ್ದರು. ಬಡತನವನ್ನು ತರಬೇತಿಯಿಂದ ಓಡಿಸಲಾಗದು. ಆದರೂ ಏಳರಿಂದ ಎಂಟಕ್ಕೆ ಕೈಹಿಡಿದು ದಾಟಿಸುವುದು ಅಸಾಧ್ಯವೇನಲ್ಲ ಎಂಬುದಕ್ಕೆ ಇದು ಆಧಾರ.

ಇನ್ನು ಶಿಕ್ಷಕರ ತಯಾರಿ. ಡಿ.ಇಡಿ. ಮುಗಿಸಿದವರ ಮನಸ್ಸಿನಲ್ಲಿ ಇರುವುದು ಒಂದನೆಯ ತರಗತಿಯ ಪುಟ್ಟ ಮಗು. ಬಿ.ಇಡಿ. ಮುಗಿಸಿದವರ ಕಣ್ಣು ಹೈಸ್ಕೂಲಿನ ಮೇಲೆ, ಎಸ್‌ಎಸ್‌ಎಲ್‌ಸಿ ಫಲಿತಾಂಶದ ಮೇಲೆ. ನಡುವಿನ ಮೂರು ವರ್ಷ ಯಾರ ಪಾಲಿಗೆ? ಈ ಕೊರತೆಯನ್ನು ಸರಕಾರ ಗುರುತಿಸಿಲ್ಲವೆಂದಲ್ಲ. ಆರರಿಂದ ಎಂಟನೆಯ ತರಗತಿಗೆಂದೇ ಪದವೀಧರ ಪ್ರಾಥಮಿಕ ಶಿಕ್ಷಕರ ವೃಂದ ಬಂತು. 2022ರಲ್ಲಿ ಅಂಥ 15,000 ಹುದ್ದೆಗಳಿಗೆ ಅರ್ಜಿ ಕರೆಯಲಾಯಿತು. ಶಿಕ್ಷಕರ ಅರ್ಹತಾ ಪರೀಕ್ಷೆಯ ಎರಡನೆಯ ಪತ್ರಿಕೆ ಈ ತರಗತಿಗಳಿಗೇ ಮೀಸಲು. ಅದರ 150 ಅಂಕಗಳಲ್ಲಿ 30 ಅಂಕ ಮಕ್ಕಳ ವಿಕಾಸ ಮತ್ತು ಬೋಧನೆಗೆ ಸಂಬಂಧಿಸಿದ್ದು. ಅಂದರೆ ಪತ್ರಿಕೆಯ ಐದನೆಯ ಒಂದು ಭಾಗ. ಅದೂ ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತಿಸುವ ಪರೀಕ್ಷೆ. ಗೈಡು ಓದಿದರೆ ಅಂಕ ಬರುತ್ತದೆ. ಹುಡುಗನ ಮುಖ ಓದಲು ಬರುವುದಿಲ್ಲ.

ಆ ಓದು ಎಂಥದ್ದು? ಏಳನೆಯ ತರಗತಿಯಲ್ಲಿ ಪದ್ಯ ಓದೆಂದು ಎಬ್ಬಿಸಿದ ಹುಡುಗ ಬಾಯಿ ಬಿಡುವುದಿಲ್ಲ. ಅವನಿಗೆ ಓದಲು ಬರುವುದಿಲ್ಲವೆಂದಲ್ಲ. ದನಿ ಒಡೆದಿದೆ, ಹಿಂದಿನ ಸಾಲಿನವರು ನಕ್ಕಾರೆಂಬ ಭಯ. ಹುಡುಗಿಯೊಬ್ಬಳು ತಿಂಗಳಿಗೆ ನಾಲ್ಕು ದಿನ ತಪ್ಪದೆ ಗೈರು. ಕಾರಣ ಹಾಜರಿ ಪುಸ್ತಕದಲ್ಲಿಲ್ಲ, ನೀರಿಲ್ಲದ ಶೌಚಾಲಯದಲ್ಲಿದೆ. ಗುಳೆಯಿಂದ ಫೆಬ್ರುವರಿಯಲ್ಲಿ ಮರಳಿದವನು ಲೆಕ್ಕ ಬಿಡಿಸಲಾಗದೆ ಉಡಾಳತನ ಮಾಡುತ್ತಾನೆ. ದಡ್ಡನೆನಿಸಿಕೊಳ್ಳುವುದಕ್ಕಿಂತ ಉಡಾಳನೆನಿಸಿಕೊಳ್ಳುವುದು ಅವನಿಗೆ ಮೇಲು. ಮೂವರಿಗೂ ಬೈಗುಳವೇ ಮದ್ದೆಂದುಕೊಂಡರೆ ಮೂವರೂ ಶಾಲೆ ಬಿಟ್ಟಾರು.

ಮಿದುಳಿನ ಅಧ್ಯಯನವೂ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತದೆ. ಹಿಂದುಮುಂದು ಯೋಚಿಸಿ ತಡೆಯುವ ಮಿದುಳಿನ ಮುಂಭಾಗ ಪೂರ್ತಿ ಪಕ್ವವಾಗುವುದು ಇಪ್ಪತ್ತು ದಾಟಿದ ಮೇಲೆ. ಓರಗೆಯವರ ಮುಂದಿನ ಅವಮಾನವಾದರೋ ಹನ್ನೆರಡರಲ್ಲೇ ಸುಡುತ್ತದೆ. ಆದ್ದರಿಂದ ಈ ವಯಸ್ಸಿನವರ ತಪ್ಪನ್ನು ನಾಲ್ಕು ಮಂದಿಯ ಎದುರು ತಿದ್ದಬಾರದು; ಪಕ್ಕಕ್ಕೆ ಕರೆದು ಹೇಳಬೇಕು. ಹೊಡೆತ, ಮಾನಸಿಕ ಹಿಂಸೆ ಎರಡನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಬೆತ್ತ ಇಳಿಸೆಂದು ಕಾಯ್ದೆ ಹೇಳಿತು. ಬೆತ್ತದ ಬದಲು ಏನೆಂಬುದನ್ನು ತರಬೇತಿ ಕಲಿಸಬೇಕು.

ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ವಿಜಯಪುರದಲ್ಲಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಿದೆ, ಬಿ.ಇಡಿ. ಕಾಲೇಜುಗಳಿವೆ, ತಿಕೋಟಾ ದಾರಿಯ ತೊರವಿಯಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. 2014ರ ನಿಯಮದಂತೆ ಎರಡು ವರ್ಷವಾದ ಬಿ.ಇಡಿ.ಯಲ್ಲಿ ಶಾಲೆಯ ಅನುಭವಕ್ಕೆ 20 ವಾರಗಳಿವೆ. ಆ ವಾರಗಳೆಲ್ಲ ಪಾಠ ಟಿಪ್ಪಣಿ, ಚಾರ್ಟು, ಸಹಿಗಳಲ್ಲೇ ಕಳೆದುಹೋಗಬಾರದು. ಪ್ರಶಿಕ್ಷಣಾರ್ಥಿಯೊಬ್ಬರು ಒಂದೇ ಒಂದು ಮಗುವನ್ನು ಆರಿಸಿಕೊಂಡು ಅದರ ಮನೆಯಿಂದ ಶಾಲೆಯವರೆಗೆ ಒಂದು ದಿನ ನಡೆದು ನೋಡಲಿ. ಆ ದಾರಿ, ಆ ಬಸ್ಸು, ಅಲ್ಲಿ ಚುಡಾಯಿಸುವವರು ಎಲ್ಲವೂ ಪಾಠವೇ. ಪಾಲಕರ ಸಭೆ ಕೂಲಿಯ ಹೊತ್ತಿನಲ್ಲಿ ಬೇಡ, ಸಂಜೆ ದೀಪ ಹಚ್ಚಿದ ಮೇಲೆ ಇರಲಿ. ಏಳನೆಯ ತರಗತಿಯ ಶಿಕ್ಷಕರೂ ಎಂಟನೆಯ ತರಗತಿಯ ಶಿಕ್ಷಕರೂ ಮೇ ತಿಂಗಳೊಳಗೆ ಒಮ್ಮೆ ಕೂಡಿ ಕುಳಿತು, ವರ್ಗಾವಣೆ ಪತ್ರದಲ್ಲಿ ಬರೆಯಲಾಗದ ಮಾತುಗಳನ್ನು ಹಂಚಿಕೊಳ್ಳಲಿ: 'ಈಕಿ ಕೇಳಿದ್ರ ಮಾತಾಡಂಗಿಲ್ರಿ, ಬರಿ ಅಂದ್ರ ಛಲೋ ಬರೀತಾಳ್ರಿ.' ಇಂಥ ಒಂದು ಮಾತು ಒಂದು ವರ್ಷವನ್ನು ಉಳಿಸಬಲ್ಲದು.

2020ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಶಾಲಾ ಆರೋಗ್ಯ ಕಾರ್ಯಕ್ರಮ ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರಿಗೆ, ಆದಷ್ಟೂ ಒಬ್ಬರು ಪುರುಷ, ಒಬ್ಬರು ಮಹಿಳೆಗೆ, ತರಬೇತಿ ಕೊಡಬೇಕೆನ್ನುತ್ತದೆ. ಬೆಳವಣಿಗೆ, ಮನಸ್ಸಿನ ಆರೋಗ್ಯ ಮೊದಲಾಗಿ ಅದರಲ್ಲಿ 11 ವಿಷಯಗಳಿವೆ. ಹುಡುಗಿ ಅಕ್ಕೋರ ಬಳಿ, ಹುಡುಗ ಸರ್ ಬಳಿ ಸಂಕೋಚವಿಲ್ಲದೆ ಕೇಳುವಂತಾಗಬೇಕೆಂಬುದು ಇದರ ಆಶಯ. ತಮ್ಮ ಮಕ್ಕಳ ಶಾಲೆಯಲ್ಲಿ ಆ ಇಬ್ಬರು ಯಾರೆಂದು ಪಾಲಕರು ಮುಂದಿನ ಸಭೆಯಲ್ಲಿ ಕೇಳಬಹುದು. ಕೇಳುವವರಿದ್ದರೆ ಕಾಗದದ ಮೇಲಿನ ಯೋಜನೆ ವರ್ಗಕೋಣೆಗೆ ಇಳಿಯುತ್ತದೆ.

ಈಗ ಕಾಲೇಜಿನಲ್ಲಿರುವ, ಮುಂದೆ ಶಿಕ್ಷಕರಾಗಬೇಕೆಂದಿರುವ ವಿದ್ಯಾರ್ಥಿಗಳಿಗೆ ಒಂದು ಅನುಕೂಲವಿದೆ. ಹನ್ನೆರಡರ ವಯಸ್ಸು ಅವರಿಗೆ ಇನ್ನೂ ದೂರವಾಗಿಲ್ಲ. ಆಗ ಯಾವ ಶಿಕ್ಷಕರ ಮುಂದೆ ಮಾತು ಹೊರಟಿತ್ತು, ಯಾರ ಮುಂದೆ ಗಂಟಲು ಕಟ್ಟಿತ್ತು, ಏಕೆ ಎಂಬುದನ್ನು ಮರೆಯುವ ಮೊದಲು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಲಿ. ತರಬೇತಿ ಕಾಲೇಜಿಗೆ ಹೋಗುವಾಗ ಆ ಹಾಳೆ ಚೀಲದಲ್ಲಿರಲಿ.